ಸಭೆ ನಡೆಸುವ ಬಗೆ
(ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಸಭಾನಿಯಮವೆಂದರೆ ವಕೀಲರ ವಿದ್ಯೆಯೆಂದು ಹೆದರಬೇಡಿರಿ. ನಿಯಮವಿಲ್ಲದ ಸಭೆಯಲ್ಲಿ ದೊಡ್ಡ ಗಂಟಲಿನವನದೇ ರಾಜ್ಯ; ಮೂಲೆಯಲ್ಲಿ ಕುಳಿತ ಕೂಲಿಯವಳು ಬಾಯಿ ತೆರೆಯುವಷ್ಟರಲ್ಲಿ ಸಭೆಯೇ ಮುಗಿದಿರುತ್ತದೆ.

ಸಂವಿಧಾನದ 100ನೆಯ ಅನುಚ್ಛೇದವನ್ನೇ ನೋಡಿರಿ. ಹತ್ತರಲ್ಲೊಂದು ಪಾಲು ಸದಸ್ಯರಿಲ್ಲದಿದ್ದರೆ ಲೋಕಸಭೆಗೂ ಕೋರಂ ಇಲ್ಲ. ಸ್ಪೀಕರರು ಮೊದಲು ಮತ ಹಾಕುವಂತಿಲ್ಲ. ಮತಗಳು ಸಮವಾದರೆ ಮಾತ್ರ ಅವರದು ನಿರ್ಣಾಯಕ ಮತ. ನಮ್ಮ ಅಧ್ಯಕ್ಷರೋ, ಚರ್ಚೆಗೆ ಮೊದಲೇ ತೀರ್ಪು ಕೊಟ್ಟುಬಿಡುತ್ತಾರೆ!

ಕೆರೆಯ ಹೂಳೆತ್ತಬೇಕೆಂದು ಗೊತ್ತುವಳಿ ಬಂತೆನ್ನಿ. ‘ಕೂಲಿಯನ್ನು ವಾರವಾರ ಕೊಡತಕ್ಕದ್ದು’ ಎಂದು ಆ ಕೂಲಿಯವಳು ತಿದ್ದುಪಡಿ ಸೂಚಿಸಿ, ಇನ್ನೊಬ್ಬರು ಅನುಮೋದಿಸಿದರೆ, ಮೊದಲು ತಿದ್ದುಪಡಿಗೆ ಮತ, ಆಮೇಲೆ ಮೂಲ ಗೊತ್ತುವಳಿಗೆ. ಗದ್ದಲದಲ್ಲಿ ಅವಳ ಮಾತನ್ನು ನುಂಗಲಾಗದು.

ನಡವಳಿಯನ್ನು ಮುಂದಿನ ಸಭೆಯಲ್ಲಿ ಗಟ್ಟಿಯಾಗಿ ಓದಿಸಿರಿ. ಅಕ್ಷರ ಬಾರದವರೂ ಕೇಳಿ ತಪ್ಪು ಹಿಡಿಯುತ್ತಾರೆ.