ಶಿಶುವಿಹಾರದ ಗುರುವಿಗೆ ಉನ್ನತ ವ್ಯಾಸಂಗವೇಕೆ?

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾಡಹಬ್ಬದ ಈ ವೇದಿಕೆಯಿಂದ ಸಾಹಿತ್ಯದ ಮಾತನ್ನೋ ಇತಿಹಾಸದ ಮಾತನ್ನೋ ಕೇಳಲು ಬಂದಿರುವ ತಮ್ಮ ಮುಂದೆ ನಾನು ಮೂರು ವರ್ಷದ ಮಗುವಿನ ವಿಷಯವನ್ನು ಇಡಬೇಕೆಂದಿದ್ದೇನೆ. ಹೊರನಾಡಿನಲ್ಲಿ ಕನ್ನಡ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಆ ವಯಸ್ಸಿನಲ್ಲಿಯೇ ತೀರ್ಮಾನವಾಗುವುದರಿಂದ, ಈ ವಿಷಯ ಇಂದಿನ ಸಭೆಗೆ ಅಸಂಗತವಾಗಲಾರದೆಂದು ನಂಬಿದ್ದೇನೆ.

ಮಗಳು ಪದವಿ ಮುಗಿಸಿ, ಶಿಶುಶಿಕ್ಷಣದಲ್ಲಿ ಎಂ.ಎ. ಇಲ್ಲವೆ ಎಂ.ಎಸ್‌ಸಿ. ಓದುತ್ತೇನೆಂದರೆ, ‘ಮಕ್ಕಳ ಮೂಗು ಒರೆಸಿ ಅ ಆ ಇ ಈ ಹೇಳಿಕೊಡುವುದಕ್ಕೆ ಎಂ.ಎ. ಬೇಕೇನಮ್ಮ?’ ಎಂದು ಮನೆಯ ಹಿರಿಯರು ಕೇಳುವುದುಂಟು. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ದೊಡ್ಡ ಓದು, ಪ್ರೌಢಶಾಲೆಯವರಿಗೆ ಅದಕ್ಕಿಂತ ಚಿಕ್ಕದು, ಮಗು ಎಳೆಯದಾದಷ್ಟೂ ಗುರುವಿನ ಓದೂ ಎಳೆಯದಾಗಿದ್ದರೆ ಸಾಕು, ಇದು ಲೋಕದ ಲೆಕ್ಕ. ಈ ಲೆಕ್ಕ ತಲೆಕೆಳಗಾದದ್ದು ಎಂಬುದೇ ನನ್ನ ವಾದ. ಕಾಲೇಜಿನ ವಿದ್ಯಾರ್ಥಿಗೆ ಪಾಠ ತಿಳಿಯದಿದ್ದರೆ ಎದ್ದುನಿಂತು ಹೇಳಬಲ್ಲ. ಮೂರು ವರ್ಷದ ಮಗು ಹೇಳಲಾರದು. ಅಳುತ್ತದೆ, ಪಕ್ಕದ ಮಗುವನ್ನು ಕಚ್ಚುತ್ತದೆ, ಇಲ್ಲವೆ ಮೂಲೆಯಲ್ಲಿ ಸುಮ್ಮನೆ ಕೂಡುತ್ತದೆ. ಆ ಅಳುವನ್ನೂ ಮೌನವನ್ನೂ ಓದಬಲ್ಲ ವಿದ್ಯೆ ಸುಲಭದ್ದಲ್ಲ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಕೈಯಿಟ್ಟ ಮೊದಲಿಗರು ಯಾರೆಂಬುದನ್ನು ನೋಡಿ. ವಕೀಲರಾಗಿದ್ದ ಗಿಜುಭಾಯಿ ಬಧೇಕಾ ಅವರು ತಮ್ಮ ವೃತ್ತಿಯನ್ನು ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆಯಾದ ತಾರಾಬಾಯಿ ಮೋಡಕ್ ಅವರು ಗಿಜುಭಾಯಿಯವರೊಡನೆ ದುಡಿದು, 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘದ ಸ್ಥಾಪನೆಗೆ ಕಾರಣರಾದರು. ಮುಂದೆ ಅನುತಾಯಿ ವಾಘ್ ಅವರೊಡಗೂಡಿ ಅಂದಿನ ಠಾಣೆ ಜಿಲ್ಲೆಯ ಬೋರ್ಡಿ, ಕೋಸಬಾಡ್‌ಗಳಲ್ಲಿ ಆದಿವಾಸಿ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಒಯ್ದರು. ಇಂದು ಊರೂರಿನಲ್ಲಿ ಕೇಳಿಬರುವ ‘ಅಂಗನವಾಡಿ’ ಎಂಬ ಮಾತಿನಲ್ಲಿರುವುದು ಆ ಅಂಗಳವೇ. ವೈದ್ಯಶಾಸ್ತ್ರವನ್ನು ಓದಿದ್ದ ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡಯಾರಿಗೆ ಬಂದರು. ಯುದ್ಧದ ವರ್ಷಗಳನ್ನು ಈ ದೇಶದಲ್ಲೇ ಕಳೆದು, ಸಾವಿರಕ್ಕೂ ಹೆಚ್ಚು ಮಂದಿಗೆ ತರಬೇತಿ ಕೊಟ್ಟರು. ವಕೀಲಿ, ವೈದ್ಯಕೀಯ ಇವುಗಳನ್ನು ಬಲ್ಲವರು ಎಳೆಯ ಮಗುವಿನ ಮುಂದೆ ನೆಲದ ಮೇಲೆ ಕುಳಿತರು. ತಮ್ಮ ಓದು ಇದಕ್ಕೆ ಹೆಚ್ಚಾಯಿತೆಂದು ಅವರಿಗೆ ಅನ್ನಿಸಲಿಲ್ಲ.

ಈ ವಿದ್ಯೆ ಇಂದು ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ವ್ಯಾಸಂಗವಾಗಿದೆ. ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ, ದೆಹಲಿಯ ಲೇಡಿ ಇರ್ವಿನ್ ಕಾಲೇಜು, ಮುಂಬಯಿಯ ಎಸ್‌.ಎನ್‌.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯ ಇಲ್ಲೆಲ್ಲ ಮಾನವ ವಿಕಾಸದ ಶಾಸ್ತ್ರವನ್ನು ಓದಬಹುದು. ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯದಲ್ಲಿ ಶಿಶುಪಾಲನೆ ಮತ್ತು ಶಿಶುಶಿಕ್ಷಣಕ್ಕೆಂದೇ ಎಂ.ಎ. ಪದವಿಯಿದೆ. ಅಲ್ಲಿ ಕಲಿಯುವುದು ಬರಿಯ ಹಾಡು, ಕುಣಿತ, ಬಣ್ಣದ ಕಾಗದವಲ್ಲ. ಮಗುವಿನ ದೇಹ, ಬುದ್ಧಿ, ಭಾಷೆ, ಭಾವಗಳು ಹೇಗೆ ಅರಳುತ್ತವೆ, ಪಿಯಾಜೆ, ವೈಗಾಟ್‌ಸ್ಕಿ ಮೊದಲಾದ ಪಂಡಿತರು ಏನು ಕಂಡರು, ಕಿವಿ ಮಂದವಾದ ಮಗುವನ್ನು ಬೇಗ ಗುರುತಿಸುವುದು ಹೇಗೆ, ಬಡತನವೂ ಅಪೌಷ್ಟಿಕತೆಯೂ ಕಲಿಕೆಯನ್ನು ಹೇಗೆ ಬಾಧಿಸುತ್ತವೆ ಎಂಬುದೆಲ್ಲ ಅದರಲ್ಲಿ ಸೇರಿದೆ. ಬರೋಡದಲ್ಲಿ ‘ಚೇತನ್ ಬಾಲವಾಡಿ’ ಎಂಬ ಪ್ರಯೋಗಶಾಲೆಯೇ ವಿಭಾಗಕ್ಕೆ ಸೇರಿದ್ದು. ಅಲ್ಲಿ ವಿದ್ಯಾರ್ಥಿಗಳು ಮಗುವನ್ನು ಗಮನಿಸಿ, ಕಂಡದ್ದನ್ನು ಕಂಡಂತೆ ಬರೆದಿಡುವುದನ್ನು ಅಭ್ಯಾಸಮಾಡುತ್ತಾರೆ. ‘ಈ ಮಗು ಹಟಮಾರಿ’ ಎಂದು ಬರೆಯುವುದು ಸುಲಭ. ‘ಈ ಮಗು ಹತ್ತು ನಿಮಿಷ ಒಂದೇ ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿತು’ ಎಂದು ಬರೆಯಲು ಶಿಕ್ಷಣ ಬೇಕು.

ಇನ್ನು, ಇದು ಕೆಲವರ ಹವ್ಯಾಸವಲ್ಲ, ದೇಶದ ಅಗತ್ಯ. 1975ರ ಅಕ್ಟೋಬರ್ 2ರಂದು 33 ಪ್ರದೇಶಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ಅವುಗಳಲ್ಲೊಂದು. ಇಂದು ದೇಶದಲ್ಲಿ ಅಂಗನವಾಡಿಗಳ ಸಂಖ್ಯೆ ಸುಮಾರು 14 ಲಕ್ಷ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ‘ಬುನಾದಿ ಹಂತ’ವೆಂದು ಕರೆದು, ಹನ್ನೆರಡನೆಯ ತರಗತಿ ಮುಗಿಸಿದ ಕಾರ್ಯಕರ್ತೆಯರಿಗೆ ಆರು ತಿಂಗಳ, ಅಷ್ಟು ಓದದವರಿಗೆ ಒಂದು ವರ್ಷದ ತರಬೇತಿಯನ್ನು ಸೂಚಿಸಿದೆ. ಇವರೆಲ್ಲರೂ ಎಂ.ಎ. ಓದಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಇವರಿಗೆ ತರಬೇತಿ ಕೊಡುವವರು ಯಾರು? ಪಠ್ಯಕ್ರಮವನ್ನು ರಚಿಸುವವರು ಯಾರು? ‘ಗೌರವಧನ’ವೆಂಬ ಹೆಸರಿನ ಅಲ್ಪಸಂಭಾವನೆಗೆ ದುಡಿಯುವ ಈ ತಾಯಂದಿರ ಕೆಲಸದ ನಿಜವಾದ ಬೆಲೆಯನ್ನು ಸರ್ಕಾರಕ್ಕೆ ಶಾಸ್ತ್ರಪ್ರಮಾಣದಿಂದ ತಿಳಿಸಿಹೇಳುವವರು ಯಾರು? ಅದಕ್ಕೆ ಉನ್ನತ ವ್ಯಾಸಂಗ ಮಾಡಿದವರೇ ಬೇಕು.

ಈಗ ನಮ್ಮ ಮನೆಗೆ ಬರೋಣ. ಪರಸ್ಥಳದಲ್ಲಿರುವ ಕನ್ನಡ ಮಗು ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿಯೋ ಹಿಂದಿಯೋ ತಮಿಳೋ ಕೇಳಿ ಬೆಳೆದು, ಒಂದು ದಿನ ಇಂಗ್ಲಿಷ್ ಶಿಶುವಿಹಾರದ ಬಾಗಿಲಲ್ಲಿ ನಿಲ್ಲುತ್ತದೆ. ಕೆಲವು ವಾರ, ಕೆಲವೊಮ್ಮೆ ತಿಂಗಳುಗಳ ಕಾಲ, ಮಾತೇ ಆಡದೆ ಇರಬಹುದು. ಅರಿಯದ ಶಿಕ್ಷಕಿ ಅದನ್ನು ಮಂದಬುದ್ಧಿಯೆಂದು ಎಣಿಸಿ, ‘ಮನೆಯಲ್ಲಿ ನಿಮ್ಮ ಭಾಷೆಯನ್ನು ನಿಲ್ಲಿಸಿ’ ಎಂದು ತಾಯ್ತಂದೆಗಳಿಗೆ ಹೇಳಿಬಿಡುತ್ತಾಳೆ. ಗಾಬರಿಗೊಂಡ ಅವರೂ ಅಂದಿನಿಂದಲೇ ಅರೆಬರೆ ಇಂಗ್ಲಿಷಿನಲ್ಲಿ ಮಗುವನ್ನು ಊಟಕ್ಕೆ ಕರೆಯತೊಡಗುತ್ತಾರೆ. ಆ ಒಂದು ಮಾತಿನಿಂದ ಮಗು ತನ್ನ ಅಜ್ಜಿಯನ್ನು ಕಳೆದುಕೊಳ್ಳುತ್ತದೆ. ಇದು ಅತಿಶಯೋಕ್ತಿಯಲ್ಲ. ಮಗುವಿನ ಮಾತು ಅಜ್ಜಿಗೆ ತಿಳಿಯದು, ಅಜ್ಜಿಯ ಕಥೆ ಮಗುವಿಗೆ ತಿಳಿಯದು.

ಶಾಸ್ತ್ರವನ್ನು ಓದಿದ ಶಿಕ್ಷಕಿಯಾದರೋ ಆ ಮೌನವನ್ನು ಬೇರೆ ರೀತಿಯಲ್ಲಿ ನೋಡುತ್ತಾಳೆ. ಮಗು ಹೊಸ ಭಾಷೆಯನ್ನು ಕಿವಿಯಿಂದ ಕೂಡಿಹಾಕುತ್ತಿದೆ, ಮನೆಮಾತು ಗಟ್ಟಿಯಾಗಿದ್ದಷ್ಟೂ ಎರಡನೆಯ ಭಾಷೆಗೆ ಅದೇ ಆಸರೆ ಎಂದು ಅವಳು ಬಲ್ಲಳು. ‘ಕನ್ನಡದಲ್ಲಿಯೇ ಕಥೆ ಹೇಳಿ, ಇನ್ನೂ ಹೆಚ್ಚು ಹೇಳಿ’ ಎನ್ನುತ್ತಾಳೆ. ಜೊತೆಗೆ, ಆ ಮೌನ ಭಾಷೆಯದೋ ಕಿವಿಯದೋ ಎಂದು ಪರೀಕ್ಷಿಸುವ ಎಚ್ಚರವೂ ಅವಳಿಗಿರುತ್ತದೆ. ಒಬ್ಬಳ ಓದಿನ ಫಲ ಹೀಗೆ ಒಂದು ಮನೆತನದ ಭಾಷೆಯನ್ನೇ ಉಳಿಸೀತು.

ಆದುದರಿಂದ ತಮ್ಮಲ್ಲಿ ನನ್ನ ಬಿನ್ನಹ ಮೂರು. ಮಗಳೋ ಮಗನೋ ಈ ವ್ಯಾಸಂಗಕ್ಕೆ ಮನಸ್ಸುಮಾಡಿದರೆ, ಇಂಜಿನಿಯರಿಂಗ್ ಸಿಗದವರ ಪಾಡು ಇದು ಎಂದು ಹೀಗಳೆಯದಿರಿ. ಸಂಘವು ಪ್ರತಿವರ್ಷ ಕೊಡುವ ವಿದ್ಯಾರ್ಥಿವೇತನಗಳಲ್ಲಿ ಒಂದನ್ನು ಇದಕ್ಕೆಂದು ಮೀಸಲಿಡಲಿ. ಭಾನುವಾರದ ನಮ್ಮ ಕನ್ನಡ ತರಗತಿಗೆ ಅಕ್ಷರ ತಿದ್ದಿಸುವ ಉತ್ಸಾಹಿಗಳ ಜೊತೆಗೆ, ಮಗುವನ್ನು ಬಲ್ಲ ಒಬ್ಬ ಶಿಕ್ಷಿತರನ್ನೂ ಕರೆತರೋಣ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ನಾವು ಗಾದೆ ಹೇಳುತ್ತೇವೆ. ಆ ಮೊಳಕೆಗೆ ನೀರೆರೆಯುವ ಕೈಗೂ ಅಷ್ಟೇ ಗೌರವವನ್ನು ಕೊಡೋಣ.