ನಿಂತ ಪತ್ರಿಕೆ ಮರಳಿ ನಡೆಯಲಿ
(ಧಾರವಾಡದ ಇತಿಹಾಸಾಭಿಮಾನಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಜಿಲ್ಲೆಯ ಇತಿಹಾಸಕ್ಕೆಂದೇ ಮೀಸಲಾಗಿದ್ದ ಪತ್ರಿಕೆಯು ನಿಂತುಹೋಗಿದೆ. ಅದು ಮರಳಿ ಹೊರಡಬೇಕೆಂಬುದರಲ್ಲಿ ಇಲ್ಲಿ ನೆರೆದವರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹೊರಟ ಪತ್ರಿಕೆಯು ಬಾಳುವ ಬಗೆ ಹೇಗೆಂಬುದನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಈ ಊರಿಗೆ ಇಂಥ ಕಾರ್ಯವು ಹೊಸತಲ್ಲ. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕಾಲದಲ್ಲಿ, 1890ರಲ್ಲಿ, ಕರ್ನಾಟಕ ವಿದ್ಯಾವರ್ಧಕ ಸಂಘವು ಇಲ್ಲಿಯೇ ಹುಟ್ಟಿತು. 1896ರಲ್ಲಿ ಅದು 'ವಾಗ್ಭೂಷಣ'ವನ್ನು ಹೊರಡಿಸಿತು. 1914ರಲ್ಲಿ ಆಲೂರ ವೆಂಕಟರಾಯರು ಇತಿಹಾಸ ಸಂಶೋಧನ ಮಂಡಳವನ್ನು ಸ್ಥಾಪಿಸಿದರು; 1917ರಲ್ಲಿ ಅವರ 'ಕರ್ನಾಟಕ ಗತವೈಭವ'ವು ಪ್ರಕಟವಾಯಿತು. ಆಗ ಧಾರವಾಡದಲ್ಲಿ ವಿಶ್ವವಿದ್ಯಾಲಯವಿರಲಿಲ್ಲ. 1956ರಲ್ಲಿ ನಕಾಶೆಯ ಮೇಲೆ ನಾಡು ಒಂದಾಗುವ ಮೊದಲೇ ಕನ್ನಡಿಗರ ಮನಸ್ಸುಗಳು ಒಂದಾಗತೊಡಗಿದ್ದವು. ಅದಕ್ಕೆ ಪೂರ್ವೇತಿಹಾಸದ ಅರಿವು ದೊಡ್ಡ ಆಧಾರವಾಗಿದ್ದಿತು.

ಇಂದು ನಮಗೆ ವಿಶ್ವವಿದ್ಯಾಲಯವಿದೆ. 1939ರಲ್ಲಿ ಮುಂಬಯಿ ಸರಕಾರವು ತೆರೆದ ಕನ್ನಡ ಸಂಶೋಧನ ಸಂಸ್ಥೆಯು ಅದರ ಅಂಗವಾಗಿದೆ. ಶಾಸನಗಳನ್ನು ಓದಬಲ್ಲ ಪಂಡಿತರು ಅಲ್ಲಿ ದೊರೆಯುವರು. ಆದರೆ ಯಾವ ಹೊಲದ ಬದುವಿನಲ್ಲಿ ವೀರಗಲ್ಲು ಬಿದ್ದಿದೆ, ಯಾವ ವಾಡೆಯ ಅಟ್ಟದ ಮೇಲೆ ಮೋಡಿ ಕಾಗದಗಳ ಗಂಟನ್ನು ಗೆದ್ದಲು ತಿನ್ನುತ್ತಿದೆ ಎಂಬುದನ್ನು ಊರಿನವನೇ ಬಲ್ಲನು. ಪಂಡಿತನ ಓದು, ಊರಿನವನ ಕಣ್ಣು ಇವೆರಡೂ ಕೂಡುವ ಸ್ಥಳವೇ ಪತ್ರಿಕೆ.

ಹೀಗೆ ಕೂಡಿದರೆ ಫಲವುಂಟು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು 1919ರಲ್ಲಿ ಆರಂಭಿಸಿದ 'ಪ್ರಬುದ್ಧ ಕರ್ನಾಟಕ'ವನ್ನು ಮುಂದೆ ಮೈಸೂರು ವಿಶ್ವವಿದ್ಯಾಲಯವು ಕೈಗೆತ್ತಿಕೊಂಡಿತು. ಸಂಘದ ಉತ್ಸಾಹಕ್ಕೆ ಸಂಸ್ಥೆಯ ಬೆಂಬಲವು ದೊರೆಯಿತು. ಅದೇ ನಗರದ ಹೆಬ್ಬಾಳದಲ್ಲಿ 2018ರಲ್ಲಿ ಎಂಟನೆಯ ಶತಮಾನದ ಕಿತ್ತಯ್ಯನ ವೀರಗಲ್ಲು ದೊರೆತಾಗ, ಅದನ್ನು ಉಳಿಸಿಕೊಳ್ಳಲು ನಾಗರಿಕರೇ ಮುಂದಾದರು. ಯಾರೂ ಗುರುತಿಸದ ಕಲ್ಲು ರಸ್ತೆಯ ಜಲ್ಲಿಯಾಗುವುದು; ಯಾರೂ ಕೇಳದ ಕಡತವು ರದ್ದಿಯ ತಕ್ಕಡಿಗೆ ಹೋಗುವುದು. ಹೋದುದನ್ನು ಯಾವ ಪಂಡಿತನೂ ಮರಳಿ ತರಲಾರನು.

ಆದುದರಿಂದ ನನ್ನ ಸೂಚನೆಗಳು ಮೂರು. ಮೊದಲನೆಯದಾಗಿ, ಬಂದ ಲೇಖನಗಳನ್ನೂ ಶಾಸನಪಾಠಗಳನ್ನೂ ಪರಿಶೀಲಿಸುವ ಹೊಣೆಯನ್ನು ವಿಶ್ವವಿದ್ಯಾಲಯವು ಹೊರಲಿ. ಅಚ್ಚಿನ ವೆಚ್ಚದಲ್ಲಿಯೂ ಒಂದು ಪಾಲನ್ನು ಕೊಡಲಿ. ಎರಡನೆಯದಾಗಿ, ಉಳಿದ ವೆಚ್ಚವನ್ನು ವರ್ಗಣಿದಾರರಾದ ನಾವು ವಹಿಸಿಕೊಳ್ಳೋಣ. ಅನುದಾನವನ್ನೇ ನಂಬಿದ ಪತ್ರಿಕೆಯು ಅದು ತಪ್ಪಿದ ದಿನವೇ ನಿಲ್ಲುವುದು. ಬರಿಯ ಉತ್ಸಾಹವನ್ನು ನಂಬಿದುದು ಸಂಪಾದಕನು ದಣಿದ ದಿನ ನಿಲ್ಲುವುದು. ಮೂರನೆಯದಾಗಿ, ಪ್ರತಿಯೊಂದು ಶಾಲೆಯ ಶಿಕ್ಷಕರು ವರ್ಷಕ್ಕೆ ಒಂದಾದರೂ ಬರಹವನ್ನು ಕಳಿಸಲಿ. ಊರ ಕೆರೆ ಕಟ್ಟಿದವರಾರು, ಸಂತೆ ಎಂದು ಕೂಡಿತು, ಓಣಿಗೆ ಆ ಹೆಸರೇಕೆ ಬಂದಿತು ಎಂಬುದನ್ನು ಮಕ್ಕಳು ಹಿರಿಯರಿಂದ ಕೇಳಿ ಬರೆಯಲಿ. ಕಲ್ಲಿನ ಚಿತ್ರವನ್ನು ಮೊಬೈಲಿನಿಂದಲೇ ತೆಗೆಯಬಹುದು. ಸಿಕ್ಕ ಸ್ಥಳವನ್ನು ಮಾತ್ರ ತಪ್ಪದೆ ಬರೆದಿಡಬೇಕು.

ಸಭೆ ಮುಗಿದ ಕೂಡಲೇ ವರ್ಗಣಿಯ ಪಟ್ಟಿಯು ನಿಮ್ಮ ಮುಂದೆ ಬರುವುದು. ಚಪ್ಪಾಳೆಯಿಂದ ಕಾಗದದ ಅಂಗಡಿಯವನ ಬಾಕಿ ತೀರುವುದಿಲ್ಲ. ಮೊದಲ ಸಂಚಿಕೆಯು ಅಚ್ಚಿಗೆ ಹೋಗುವ ಮೊದಲೇ ಒಂದು ವರ್ಷದ ಹಣವು ಕೂಡಿರಲಿ. ದಯಮಾಡಿ ಹೆಸರು ಬರೆಯಿಸಿರಿ. ಬರೆಯಿಸಿದವರು ತಮ್ಮ ಊರಿನ ಸಂಗತಿಯೊಂದನ್ನೂ ಬರೆದು ಕಳಿಸಿರಿ.