ದೇಹವೆಂಬ ಓಲೆಗ್ರಂಥ
(ಹೊಳಲೂರಿನ ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಸಮಾರಂಭದಲ್ಲಿ ನಾನು ಯಾವುದಾದರೊಂದು ಶಾಸ್ತ್ರವಿಚಾರವನ್ನು ಹೇಳುವೆನೆಂದು ತಾವು ಎಣಿಸಿ ಬಂದಿರಬಹುದು. ಆದರೆ ಶ್ರೀಗಳವರ ಅಪ್ಪಣೆ ಬೇರೆಯಾಯಿತು. ಕಳೆದ ವರ್ಷ ನಮ್ಮ ಮನೆಯಲ್ಲಿ ನಡೆದ ಸಂಗತಿಯೊಂದನ್ನು ಅವರಲ್ಲಿ ಬಿನ್ನವಿಸಿಕೊಂಡಾಗ, “ಇದನ್ನೇ ಸಭೆಯಲ್ಲಿ ಹೇಳಿರಿ, ಇದು ನಾಳೆ ಎಲ್ಲರ ಮನೆಗೂ ಬರತಕ್ಕ ಮಾತು” ಎಂದು ನಿರೂಪವಿತ್ತರು. ಆ ಸಂಗತಿಯಲ್ಲಿ ನನ್ನ ತಪ್ಪೂ ಇರುವುದರಿಂದ ಸಂಕೋಚದಿಂದಲೇ ಹೇಳುತ್ತಿದ್ದೇನೆ.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಅಣ್ಣನ ಮಗನು ಒಂದು ದಿನ ಬಂದು, “ಚಿಕ್ಕಪ್ಪ, ನನ್ನ ಜೀನೋಮನ್ನು ಪೂರ್ತಿಯಾಗಿ ಓದಿಸಬೇಕೆಂದಿದ್ದೇನೆ. ಕಾಯಿಲೆಯೇನೂ ಇಲ್ಲ, ಬರಿಯ ಕುತೂಹಲ” ಎಂದನು. ನಾನು ಮೂವತ್ತು ವರ್ಷಗಳಿಂದ ಮಠದ ಓಲೆಗರಿಗಳನ್ನು ಓದಿ ಪ್ರತಿಮಾಡುತ್ತ ಬಂದವನು. ಓದದೆ ಕಟ್ಟಿಟ್ಟ ಗ್ರಂಥವು ಹುಳುವಿನ ಪಾಲೆಂಬುದೇ ನನ್ನ ತಿಳಿವಳಿಕೆ. “ಅವಶ್ಯವಾಗಿ ಓದಿಸು” ಎಂದು ಹುರಿದುಂಬಿಸಿಬಿಟ್ಟೆನು.

ಈ ಓದುವಿಕೆಯ ಕ್ರಮವನ್ನು ಆತನು ವಿವರಿಸಿದಾಗ ನನಗಾದ ಆನಂದವು ಹೇಳತೀರದು. ಏಕೆಂದರೆ ಅದು ನಮ್ಮ ಗ್ರಂಥಸಂಪಾದನೆಯ ಕ್ರಮವೇ ಆಗಿರುವುದು. ನಮ್ಮ ದೇಹದ ಕಣಕಣದಲ್ಲಿಯೂ ತಾಯಿಯಿಂದ ಬಂದ ಒಂದು ಪ್ರತಿ, ತಂದೆಯಿಂದ ಬಂದ ಒಂದು ಪ್ರತಿ, ಹೀಗೆ ಎರಡು ಪ್ರತಿಗಳಿರುವುವು. ಒಂದೊಂದರಲ್ಲಿ ಸುಮಾರು 300 ಕೋಟಿ ಅಕ್ಷರಗಳು. ಆದರೆ ವರ್ಣಮಾಲೆಯಲ್ಲಿರುವುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಉಗುಳಿನಿಂದಲೋ ರಕ್ತದಿಂದಲೋ ಈ ಲಿಪಿಯನ್ನು ತೆಗೆದು, ನೂರೈವತ್ತು ಅಕ್ಷರದಷ್ಟರ ತುಂಡುಗಳನ್ನಾಗಿ ಕೋಟಿಗಟ್ಟಲೆ ಓದಿ, ಒಂದೊಂದು ಸ್ಥಳವನ್ನೂ ಸುಮಾರು 30 ಸಲ ನೋಡಿ, ಆ ಮೇಲೆ ಮೊದಲೇ ಸಿದ್ಧವಾಗಿರುವ ಒಂದು ಮಾತೃಕೆಯೊಡನೆ ಹೋಲಿಸುವರು. ಕಟ್ಟು ಬಿಚ್ಚಿ ಚೆಲ್ಲಾಪಿಲ್ಲಿಯಾದ ಗರಿಗಳನ್ನು ಇನ್ನೊಂದು ಪ್ರತಿಯ ಸಹಾಯದಿಂದ ಜೋಡಿಸುವಂತೆಯೇ ಇದೂ ಎಂದು ತಿಳಿಯತಕ್ಕದ್ದು. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಬೆರೆತು ಒಂದೇ ನೀರಾಗುವುವು. ದೇಹದಲ್ಲಿ ತಾಯಿಯ ಪ್ರತಿ ತಂದೆಯ ಪ್ರತಿಗಳು ಹಾಗೆ ಕಲೆಯದೆ ಬೇರೆಬೇರೆಯಾಗಿಯೇ ಉಳಿಯುವುವು. ಆದರೂ ತುಂಡುಗಳು ಚಿಕ್ಕವಾದ ಕಾರಣ, ಕಂಡ ಪಾಠವು ಯಾರ ಕಡೆಯದೆಂಬುದನ್ನು ಮಗನೊಬ್ಬನ ಓದಿನಿಂದಲೇ ಹೇಳಲು ಸಾಮಾನ್ಯವಾಗಿ ಬಾರದು. ಈ ಮಾತನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು.

ಆ ಮಾತೃಕೆಯನ್ನು ಸಿದ್ಧಪಡಿಸಲು 1990ರಿಂದ 2003ರ ವರೆಗೆ ಅನೇಕ ದೇಶಗಳ ವಿದ್ವಾಂಸರು ದುಡಿದರು. ಸುಮಾರು 270 ಕೋಟಿ ಡಾಲರು ವೆಚ್ಚವಾಯಿತು. ಆಗಲೂ ಉಳಿದಿದ್ದ ಗ್ರಂಥಪಾತಗಳು ತುಂಬಿದುದು 2022ರಲ್ಲಿ. ಈಗ ಕೆಲವು ಹತ್ತು ಸಾವಿರ ರೂಪಾಯಿಗಳಿಗೆ ಒಬ್ಬ ಗೃಹಸ್ಥನು ತನ್ನದನ್ನು ಓದಿಸಬಹುದು. ಆದರೆ ಓದುವುದು ಬೇರೆ, ಅರ್ಥವಾಗುವುದು ಬೇರೆ. ಯಾವನದನ್ನೇ ಓದಿದರೂ ಮಾತೃಕೆಗಿಂತ ಭಿನ್ನವಾದ ಪಾಠಾಂತರಗಳು 40–50 ಲಕ್ಷ ಕಾಣುವುವು. ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು, ಕೆಲವು ಮಾತ್ರ ಕೇಡಿನವು, ಎಷ್ಟೋ ಪಾಠಗಳಿಗೆ ಅರ್ಥವೇ ಇನ್ನೂ ನಿರ್ಣಯವಾಗಿಲ್ಲ. ಇದರ ಮೇಲೆ ಆ ಮಾತೃಕೆಯ ಬಹುಭಾಗವು ಅಮೆರಿಕದ ಒಬ್ಬನೇ ಮನುಷ್ಯನಿಂದ ಬಂದದ್ದು. ನಮ್ಮ ದೇಶದ ಪ್ರತಿಗಳು ಹೋಲಿಕೆಗೆ ಬಹಳ ಕಾಲ ದೊರೆಯುತ್ತಲೇ ಇರಲಿಲ್ಲ. ಈ ಕೊರತೆಯನ್ನು ನೀಗಲೆಂದೇ 2020ರಲ್ಲಿ ಜೀನೋಮ್ ಇಂಡಿಯಾ ಎಂಬ ಕಾರ್ಯವು ಆರಂಭವಾಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರದ ಮುಂದಾಳುತನದಲ್ಲಿ 10,000 ಭಾರತೀಯರ ಜೀನೋಮುಗಳು ಓದಲ್ಪಟ್ಟುವು. 2025ರ ಜನವರಿಯಲ್ಲಿ ಅವು ಸಂಶೋಧಕರಿಗೆ ತೆರೆಯಲ್ಪಟ್ಟುವು.

ಪೂರ್ವಿಕರು ಯಾವ ದೇಶದವರು, ಶೇಕಡ ಎಷ್ಟು ಅಂಶ ಎಲ್ಲಿಯದು ಎಂದು ತಿಳಿಸುವ ಲೆಕ್ಕವೂ ಇದರ ಜೊತೆಗೆ ಬರುವುದು. ಅನೇಕರಿಗೆ ಇದರಲ್ಲಿಯೇ ಹೆಚ್ಚು ರುಚಿ. ಲಿಂಗದೀಕ್ಷೆಯಾದ ಮೇಲೆ ಪೂರ್ವಾಶ್ರಯವನ್ನು ಎಣಿಸಲಾಗದೆಂದು ಬಾಲ್ಯದಲ್ಲಿಯೇ ಪಾಠವಾದ ನನಗೆ ಆ ಪುಟದಲ್ಲಿ ಮನಸ್ಸು ನಿಲ್ಲಲಿಲ್ಲ.

ನಿಲ್ಲಿಸಿದ ಪುಟವು ಬೇರೆ. ಹೃದಯದ ಸ್ನಾಯುವಿಗೆ ಬೇಕಾದ ಪ್ರೋಟೀನೊಂದನ್ನು ಬರೆಯುವ ಎಂವೈಬಿಪಿಸಿ3 ಎಂಬ ವಂಶವಾಹಿಯಲ್ಲಿ, ನಮ್ಮ ಹುಡುಗನ ಒಂದು ಪ್ರತಿಯೊಳಗೆ 25 ಅಕ್ಷರಗಳ ಲೋಪವಿತ್ತು. ಲಿಪಿಕಾರನ ಕಣ್ಣು ಒಂದು ಸಾಲಿನಿಂದ ಮುಂದಿನ ಸಾಲಿಗೆ ಜಾರಿದಂಥ ಲೋಪ. ಇದು ಅಪೂರ್ವವೂ ಅಲ್ಲ. ಭಾರತದಲ್ಲಿ ಸುಮಾರು ನೂರಕ್ಕೆ ನಾಲ್ವರಲ್ಲಿ ಇದು ಇರುವುದೆಂದೂ, ಇದ್ದವರಿಗೆ ಹೃದಯಸ್ನಾಯುವಿನ ರೋಗದ ಅಪಾಯವು ಹೆಚ್ಚೆಂದೂ ಹೈದರಾಬಾದಿನ ಸಂಶೋಧಕರೇ ಮುಂತಾದವರು 2009ರಲ್ಲಿ ಪ್ರಕಟಿಸಿದರು. ಇದ್ದವರಿಗೆಲ್ಲ ರೋಗ ಬರುವುದೆಂದು ತಿಳಿಯಬಾರದು. ಅನೇಕರು ಅದರ ಅರಿವೇ ಇಲ್ಲದೆ ಬಾಳುವರು.

ಹುಡುಗನು ಈ ವಿಷಯವನ್ನು ಒಂದು ಹಬ್ಬದ ದಿನ ಪಂಕ್ತಿಯಲ್ಲಿ ಕುಳಿತು ಹೇಳಿಬಿಟ್ಟನು. ನನ್ನ ಅಣ್ಣನವರು 52ನೆಯ ವಯಸ್ಸಿನಲ್ಲಿ ಎದೆನೋವಿನಿಂದ ಒಮ್ಮೆಲೇ ಲಿಂಗೈಕ್ಯರಾದುದು ಎಲ್ಲರಿಗೂ ತಿಳಿದದ್ದೇ. ಬಡಿಸುತ್ತಿದ್ದ ಅತ್ತಿಗೆಯ ಕೈ ಅಲ್ಲಿಯೇ ನಿಂತಿತು. ಲೋಪವು ಅಣ್ಣನಿಂದ ಬಂದಿರಬಹುದು, ಅತ್ತಿಗೆಯಿಂದಲೂ ಬಂದಿರಬಹುದು. ಮಗನೊಬ್ಬನ ಓದು ಅದನ್ನು ಹೇಳದೆಂದು ಹಿಂದೆ ಬಿನ್ನವಿಸಿದೆನಷ್ಟೆ. ಆದರೆ ಪಂಕ್ತಿಯಲ್ಲಿದ್ದವರೊಬ್ಬರು, “ನಮ್ಮ ಮನೆತನದಲ್ಲಿ ಇಂಥದು ಇರಲಿಲ್ಲ” ಎಂದರು. ಆ ಒಂದು ಮಾತು ಮಾಡಿದ ಗಾಯವು ಇನ್ನೂ ಮಾಯ್ದಿಲ್ಲ. ಹುಡುಗನ ತಂಗಿಗೆ ಆಗ ಸಂಬಂಧವೊಂದು ನಿಶ್ಚಯವಾಗುವುದರಲ್ಲಿತ್ತು. ಆಕೆಯಲ್ಲಿಯೂ ಲೋಪವಿರುವ ಸಂಭವವು ಅರ್ಧಕ್ಕರ್ಧ. ಆಕೆ ಉಗುಳನ್ನು ಕೊಟ್ಟವಳಲ್ಲ, ಓದಿಸಿರೆಂದು ಕೇಳಿದವಳೂ ಅಲ್ಲ. ಆದರೂ ಆಕೆಯ ಗ್ರಂಥದ ಒಂದು ಪುಟವು ಪಂಕ್ತಿಯ ನಡುವೆ ಅರ್ಧ ತೆರೆದುಕೊಂಡಿತು. ನಾನು ಹುರಿದುಂಬಿಸಿದಾಗ ಮರೆತ ಸಂಗತಿ ಇದು. ಗ್ರಂಥವು ಹುಡುಗನದೆಂದು ತಿಳಿದಿದ್ದೆನು. ಅದು ಇಡೀ ಮನೆಯದಾಗಿತ್ತು.

ದೊಡ್ಡವರೂ ಇಲ್ಲಿ ಹಿಂಜರಿದುದುಂಟು. ಈ ಲಿಪಿಯ ಸುರುಳಿಯಾಕಾರವನ್ನು 1953ರಲ್ಲಿ ಕಂಡವರಲ್ಲೊಬ್ಬರಾದ ಜೇಮ್ಸ್ ವಾಟ್ಸನ್ನರಿಗೆ 2007ರಲ್ಲಿ ಅವರ ಜೀನೋಮನ್ನು ಓದಿ ಒಪ್ಪಿಸಲಾಯಿತು. ಮರೆವಿನ ರೋಗಕ್ಕೆ ಸಂಬಂಧಿಸಿದ ಒಂದು ವಂಶವಾಹಿಯನ್ನು ಮಾತ್ರ ತಮಗೆ ತಿಳಿಸಬಾರದೆಂದು ಅವರು ಕೇಳಿಕೊಂಡಿದ್ದರು. ಅವರ ಅಜ್ಜಿಗೆ ಆ ರೋಗವಿತ್ತು. ಆ ಭಾಗವನ್ನು ಅಳಿಸಿಯೇ ಪ್ರಕಟಿಸಿದರು. ಆದರೂ ಸುತ್ತಲಿನ ಅಕ್ಷರಗಳಿಂದ ಅಳಿಸಿದುದನ್ನು ಊಹಿಸಬಹುದೆಂದು ಬೇರೆ ವಿದ್ವಾಂಸರು ಎತ್ತಿ ತೋರಿಸಿದುದರಿಂದ, ಇನ್ನೂ ಅಗಲವಾಗಿ ಅಳಿಸಬೇಕಾಯಿತು. ತ್ರುಟಿತ ಪದ್ಯವನ್ನು ಛಂದಸ್ಸಿನಿಂದ ಪೂರಣಮಾಡುವ ನಮಗೆ ಇದು ಹೊಸತಲ್ಲ.

ದೂರದ ಮಾತೇಕೆ, ನಮ್ಮ ಜಿಲ್ಲೆಯಲ್ಲಿಯೇ ಸಾಗರ ತಾಲ್ಲೂಕಿನ ಹಂದಿಗೋಡು ಇದೆ. 1970ರ ದಶಕದಲ್ಲಿ ಅಲ್ಲಿಯ ಬಡ ಮನೆತನಗಳಲ್ಲಿ ಸೊಂಟ, ಮೊಣಕಾಲು, ಬೆನ್ನುಮೂಳೆಗಳು ಸವೆದು ಜನರು ನಡೆಯಲಾರದವರಾದರು. ಮೊದಲು ಔಷಧಿ ಸಿಂಪಡಿಸಿದ ಗದ್ದೆಯ ಏಡಿಯನ್ನು ತಿಂದುದೇ ಕಾರಣವೆಂದು ಶಂಕಿಸಿದರು. ಬಳಿಕ ಅದು ವಂಶದಿಂದ ಬರುವ ರೋಗವೆಂದೂ, ರೋಗಿಯ ಒಂದೊಂದು ಮಗುವಿಗೂ ಅರ್ಧಕ್ಕರ್ಧ ಸಂಭವವಿರುವುದೆಂದೂ ನಿರ್ಣಯಿಸಿದರು. ರೋಗಕ್ಕೆ ಆ ಊರಿನ ಹೆಸರೇ ನಿಂತಿತು. ಆ ಊರಿನ ಕನ್ಯೆಯೊಬ್ಬಳ ಸಂಬಂಧದ ಮಾತು ಬಂದಾಗ ಎದುರಿನವರು ಏನು ಯೋಚಿಸುವರೆಂಬುದನ್ನು ತಾವೇ ಊಹಿಸಿಕೊಳ್ಳಬಹುದು. ಅಲ್ಲಿಯವರು ನೋವಿಗಾಗಿ ರಕ್ತ ಕೊಟ್ಟರು. ನಾವು ಕುತೂಹಲಕ್ಕಾಗಿ ಹಣ ತೆತ್ತು ಕೊಡುವೆವು.

ಓದಿಸಿದುದು ಎಲ್ಲಿ ಉಳಿಯುವುದೆಂಬುದನ್ನೂ ಕೇಳತಕ್ಕದ್ದು. ಉಗುಳಿನಿಂದ ಆಯ್ದ ಕೆಲವು ಲಕ್ಷ ಅಕ್ಷರಗಳನ್ನು ಓದಿಕೊಡುತ್ತಿದ್ದ ಟ್ವೆಂಟಿಥ್ರೀ ಅಂಡ್ ಮಿ ಎಂಬ ಅಮೆರಿಕದ ಕಂಪೆನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ವಿವರಗಳು ಕಳ್ಳರ ಪಾಲಾದುವು. 2025ರಲ್ಲಿ ಕಂಪೆನಿಯೇ ದಿವಾಳಿಯ ಅರ್ಜಿ ಹಾಕಿತು.

ಇಷ್ಟು ಹೇಳಿದುದರಿಂದ ಓದಿಸಲೇಬಾರದೆಂಬುದು ನನ್ನ ಅಭಿಪ್ರಾಯವಲ್ಲ. ನಮ್ಮ ಹುಡುಗನು ಈಗ ವರ್ಷಕ್ಕೊಮ್ಮೆ ಹೃದಯವನ್ನು ತೋರಿಸಿಕೊಳ್ಳುವನು, ಹೊಗೆಸೊಪ್ಪನ್ನು ಬಿಟ್ಟನು. ಆದರೆ ಕಟ್ಟು ಬಿಚ್ಚುವ ಮೊದಲು ಒಡಹುಟ್ಟಿದವರನ್ನೂ ಹೆತ್ತವರನ್ನೂ ಕೂಡಿಸಿ, ಯಾವ ಪುಟವನ್ನು ಓದಬೇಕು, ಕಂಡುದನ್ನು ಯಾರಿಗೆ ಹೇಳಬೇಕೆಂಬುದನ್ನು ಗೊತ್ತುಮಾಡಿಕೊಳ್ಳಬೇಕಿತ್ತು; ಅರ್ಥವನ್ನು ಬಲ್ಲ ವೈದ್ಯರೊಬ್ಬರೂ ಜೊತೆಗಿರಬೇಕಿತ್ತು. ಪಂಕ್ತಿಯಲ್ಲಿ ಅಲ್ಲ.

ಅತ್ತಿಗೆಯವರು ತಮ್ಮದನ್ನು ಓದಿಸಲು ಒಪ್ಪಲಿಲ್ಲ. “ಅವರು ಹೋದರು. ಯಾರ ಅಕ್ಷರವೆಂದು ತಿಳಿದು ನನಗೇನಾಗಬೇಕು? ಮಗಳ ಎದೆಯನ್ನು ತೋರಿಸಿರಿ, ಸಾಕು” ಎಂದರು. ಶಿವಮೊಗ್ಗದಲ್ಲಿ ತೋರಿಸಿದೆವು, ಹೃದಯವು ಚೆನ್ನಾಗಿದೆ ಎಂದರು. ಹುಡುಗಿಯು ತಾನೇ ಭಾವೀ ವರನಿಗೆ ಎಲ್ಲವನ್ನೂ ತಿಳಿಸಿದಳು. ಲಗ್ನವು ನಿಂತುಹೋಗಲಿಲ್ಲ.

ನನಗೂ ಹುಡುಗನು ಒಂದು ಕೊಳವೆಯನ್ನು ತಂದುಕೊಟ್ಟಿದ್ದಾನೆ. ಅಣ್ಣನಲ್ಲಿದ್ದುದು ನನ್ನಲ್ಲಿಯೂ ಇರಬಹುದು. ನನ್ನಲ್ಲಿದ್ದರೆ ನನ್ನ ಮಗಳಲ್ಲಿಯೂ ಇರಬಹುದು. ದಾವಣಗೆರೆಯಲ್ಲಿರುವ ಆಕೆಗೆ ಕಾಗದ ಬರೆದು ಕೇಳಿದ್ದೇನೆ. ಉತ್ತರವು ಇನ್ನೂ ಬಂದಿಲ್ಲ. ಕೊಳವೆಯು ಓಲೆಗರಿಗಳ ಪೆಟ್ಟಿಗೆಯ ಮೇಲೆ, ಕಟ್ಟು ಬಿಚ್ಚದೆ ಇದೆ.